ನಾಳೆಯ ಮಳೆಗೆ ಇಂದಿನ ಲೆಕ್ಕ



2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ನಮ್ಮ ಚಿತ್ರದುರ್ಗದ ಸೀಮೆಗೆ ಅದು ಹೆಚ್ಚುಕಡಿಮೆ ಒಂದೂವರೆ ವರ್ಷದ ಮಳೆ. ಅದೇ ದಿನ ಅದೇ ನಗರದ ದಕ್ಷಿಣ ತುದಿ, ಕೊಲಾಬಾದಲ್ಲಿ ಬಿದ್ದದ್ದು ಸುಮಾರು 70 ಮಿಲಿಮೀಟರ್ ಮಾತ್ರ. ರೈಲುಗಳು ನಿಂತಲ್ಲೇ ನಿಂತವು. ಮೀಠಿ ನದಿ ದಡ ಮೀರಿತು. ಆ ದಿನಗಳ ಮಳೆ, ಪ್ರವಾಹಗಳಿಗೆ ಮಹಾರಾಷ್ಟ್ರದಲ್ಲಿ ಸುಮಾರು ಸಾವಿರ ಜನ ಬಲಿಯಾದರು.

ಆಗ ಮುಂಬಯಿಯ ಮಳೆನೀರಿನ ಚರಂಡಿಗಳ ಲೆಕ್ಕ ಏನಿತ್ತು, ಗೊತ್ತೆ? ಗಂಟೆಗೆ 25 ಮಿಲಿಮೀಟರ್. ಬಿದ್ದ ನೀರಿನಲ್ಲಿ ಅರ್ಧ ನೆಲಕ್ಕೆ ಇಂಗುತ್ತದೆ ಎಂಬುದು ಆ ಲೆಕ್ಕದೊಳಗೇ ಸೇರಿತ್ತು. ಬ್ರಿಟಿಷರ ಕಾಲದಲ್ಲಿ ಅದು ಸರಿಯಾದ ಲೆಕ್ಕವೇ. ಆಗ ಬಯಲಿತ್ತು, ಜೌಗು ಭೂಮಿಯಿತ್ತು. ಆಮೇಲೆ ನೆಲಕ್ಕೆಲ್ಲ ಕಾಂಕ್ರೀಟು ಬಂತು. ಈ ಅಳತೆಯನ್ನು ಗಂಟೆಗೆ 50 ಮಿಲಿಮೀಟರಿಗೆ ಏರಿಸಿ ಎಂದು ತಜ್ಞರ ವರದಿಯೊಂದು 1993ರಲ್ಲೇ ಹೇಳಿತ್ತು. ಹನ್ನೆರಡು ವರ್ಷ ಕಳೆದರೂ ಆ ಕೆಲಸ ಮುಗಿದಿರಲಿಲ್ಲ. ಅಷ್ಟರಲ್ಲಿ ಆ ಮಳೆ ಬಂತು.

50ಕ್ಕೆ ಏರಿಸಿದ್ದರೂ ಆ ದಿನದ ಮಳೆಯನ್ನು ಚರಂಡಿಗಳು ಪೂರ್ತಿ ಹೊರುತ್ತಿರಲಿಲ್ಲ, ನಿಜ. ಆದರೆ ನೀರು ಅಷ್ಟು ಹೊತ್ತು ನಿಲ್ಲುತ್ತಿರಲಿಲ್ಲ.

ಇವತ್ತಿನ ನನ್ನ ಮಾತೆಲ್ಲ ಈ ಲೆಕ್ಕದ ಬಗ್ಗೆ. ಚರಂಡಿ, ಮೋರಿ, ಸೇತುವೆ, ಕೆರೆಯ ಕೋಡಿ, ಆಸ್ಪತ್ರೆ, ಊರು: ಇವನ್ನೆಲ್ಲ ನಾವು ಕಟ್ಟುವುದು ಮುಂದಿನ ಐವತ್ತು ವರ್ಷಕ್ಕೆ. ಲೆಕ್ಕ ಹಾಕುವುದು ಹಿಂದಿನ ಐವತ್ತು ವರ್ಷದ ಮಳೆಯಿಂದ. ಮುಂದಿನ ಮಳೆ ಹಿಂದಿನಂತೆ ಇರುವುದಿಲ್ಲ ಎಂದಾಗ ಏನು ಮಾಡಬೇಕು? ವಿಜ್ಞಾನಿಗಳ ಹವಾಮಾನ ಮಾದರಿಗಳು ಇಲ್ಲಿ ಎಷ್ಟು ನೆರವಾಗುತ್ತವೆ? ಎಲ್ಲಿ ನೆರವಾಗುವುದಿಲ್ಲ?

ಮೊದಲು ಹಳೆಯ ಪದ್ಧತಿಯನ್ನು ನೋಡೋಣ. ಎಂಜಿನಿಯರರು ಒಂದು ಮಾತು ಬಳಸುತ್ತಾರೆ, “ನೂರು ವರ್ಷಕ್ಕೊಮ್ಮೆ ಬರುವ ನೆರೆ” ಎಂದು. ಇದನ್ನು ಕೇಳಿದವರು, ಹೋದ ವರ್ಷ ಬಂದಿದೆಯಲ್ಲ, ಇನ್ನು ನಮ್ಮ ಮೊಮ್ಮಕ್ಕಳ ಕಾಲಕ್ಕೆ ಬಂದೀತು ಎಂದು ನೆಮ್ಮದಿಯಾಗುತ್ತಾರೆ. ಆ ನೆಮ್ಮದಿಗೆ ಆಧಾರವಿಲ್ಲ. ಅಂಥ ನೆರೆ ಯಾವುದೇ ಒಂದು ವರ್ಷ ಬರುವ ಸಂಭವ ನೂರರಲ್ಲಿ ಒಂದು ಎಂದಷ್ಟೇ ಆ ಮಾತಿನ ಅರ್ಥ. ಪ್ರತಿ ವರ್ಷವೂ ಅದೇ ಸಂಭವ. ನೀವು ಹೊಳೆಯ ದಡದಲ್ಲಿ ಮನೆ ಕಟ್ಟಿ ಮೂವತ್ತು ವರ್ಷ ಬಾಳಿದರೆ, ಅಷ್ಟರೊಳಗೆ ಒಮ್ಮೆಯಾದರೂ ಅಂಥ ನೆರೆ ಮನೆಗೆ ನುಗ್ಗುವ ಸಂಭವ ನಾಲ್ಕರಲ್ಲಿ ಒಂದು. ಇದು ಸಣ್ಣ ಸಂಭವವೇನಲ್ಲ.

ಇಷ್ಟಾದರೂ ಆ ನೂರು ಎಂಬ ಸಂಖ್ಯೆ ಬಂದದ್ದು ಹಳೆಯ ದಾಖಲೆಗಳಿಂದ. ಈಗ ಆ ದಾಖಲೆಯ ಕೆಳಗಿನ ನೆಲವೇ ಸರಿದಿದೆ. ಕೈಗಾರಿಕೆಗಳು ಬರುವ ಮುಂಚಿನ ಕಾಲಕ್ಕೆ ಹೋಲಿಸಿದರೆ ಭೂಮಿ ಒಂದು ಡಿಗ್ರಿಗಿಂತ ಹೆಚ್ಚು ಬಿಸಿಯಾಗಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ನೂರಕ್ಕೆ ಏಳರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಹಿಡಿದದ್ದನ್ನು ಒಮ್ಮೊಮ್ಮೆ ಒಂದೇ ಸಲಕ್ಕೆ ಸುರಿಯುತ್ತದೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿ 2021ರಲ್ಲಿ ಕೊಟ್ಟ ವರದಿಯ ಲೆಕ್ಕ ಕೇಳಿ. ಹಿಂದೆ ಹತ್ತು ವರ್ಷಕ್ಕೊಮ್ಮೆ ಬರುತ್ತಿದ್ದ ಭಾರಿ ಮಳೆ, ಜಗತ್ತಿನ ನೆಲಭಾಗದ ಸರಾಸರಿಯಲ್ಲಿ, ಈಗ 1.3 ಪಟ್ಟು ಹೆಚ್ಚು ಸಲ ಬರುತ್ತಿದೆ. ಬಿಸಿ ಎರಡು ಡಿಗ್ರಿ ಮುಟ್ಟಿದರೆ 1.7 ಪಟ್ಟು. ನಮ್ಮ ದೇಶದ್ದೇ ಉದಾಹರಣೆಯೂ ಇದೆ. ಪುಣೆಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯವರು 1950ರಿಂದ 2015ರವರೆಗಿನ ದಾಖಲೆ ತೆಗೆದು ನೋಡಿದರು. ಮಧ್ಯ ಭಾರತದಲ್ಲಿ ವಿಶಾಲ ಪ್ರದೇಶವನ್ನು ಆವರಿಸುವ ಅತಿ ಭಾರಿ ಮಳೆಯ ಪ್ರಸಂಗಗಳು ಮೂರು ಪಟ್ಟು ಹೆಚ್ಚಿವೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು: ನಾವು ಕಟ್ಟುವ ಪ್ರತಿಯೊಂದರ ಹಿಂದೆಯೂ ಮಳೆಯ ಒಂದು ಲೆಕ್ಕ ಇದೆ, ಆ ಲೆಕ್ಕ ಹಳೆಯದಾಗಿದೆ. ಹಾಗಾದರೆ ಹೊಸ ಲೆಕ್ಕ ಎಲ್ಲಿಂದ ತರುವುದು? ಇಲ್ಲಿ ಹವಾಮಾನ ಮಾದರಿಗಳು ಬರುತ್ತವೆ.

ಮಾದರಿ ಎಂದರೆ ಕಂಪ್ಯೂಟರಿನೊಳಗಿನ ಒಂದು ಭೂಮಿ. ಅದರಲ್ಲಿ ಗಾಳಿ ಬೀಸುತ್ತದೆ, ಸಮುದ್ರ ಕಾಯುತ್ತದೆ, ಮೋಡ ಕಟ್ಟುತ್ತದೆ. ಎಲ್ಲವೂ ಭೌತಶಾಸ್ತ್ರದ ನಿಯಮಗಳ ಪ್ರಕಾರ. ಜಪಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಸ್ಯುಕುರೊ ಮನಾಬೆ 1960ರ ದಶಕದಲ್ಲೇ ಇಂಥ ಲೆಕ್ಕಕ್ಕೆ ಕೈಹಾಕಿದರು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎರಡು ಪಟ್ಟಾದರೆ ಭೂಮಿ ಎರಡು ಮೂರು ಡಿಗ್ರಿ ಬಿಸಿಯಾಗುತ್ತದೆ ಎಂದರು. ಇಂದಿನ ಕಂಪ್ಯೂಟರುಗಳ ಎದುರು ಅವರ ಯಂತ್ರ ಏನೂ ಅಲ್ಲ. ಆದರೂ ಅವರ ಉತ್ತರ ಇಂದಿನ ಉತ್ತರದ ಹತ್ತಿರದಲ್ಲೇ ಇದೆ. 2021ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು. ಈಗ ಜಗತ್ತಿನ ಹತ್ತಾರು ಕೇಂದ್ರಗಳಲ್ಲಿ ಇಂಥ ಮಾದರಿಗಳಿವೆ. ಪುಣೆಯ ಸಂಸ್ಥೆಯದ್ದೂ ಒಂದು ಇದೆ.

ಈ ಮಾದರಿಗಳನ್ನು ನಾನು ಗೌರವಿಸುತ್ತೇನೆ. ಗೌರವ ಇರುವುದರಿಂದಲೇ ಅವುಗಳ ಮಿತಿಯನ್ನೂ ಹೇಳಬೇಕು. ಮಾದರಿ ಭೂಮಿಯನ್ನು ಚೌಕಗಳಾಗಿ ಕತ್ತರಿಸಿಕೊಳ್ಳುತ್ತದೆ. ಇಡೀ ಜಗತ್ತಿನ ಮಾದರಿಗಳಲ್ಲಿ ಒಂದೊಂದು ಚೌಕದ ಬದಿ ಸುಮಾರು ನೂರು ಕಿಲೋಮೀಟರ್. ಬಲೆಯ ಕಣ್ಣು ಅಷ್ಟು ದೊಡ್ಡದಿದ್ದರೆ ಎಷ್ಟೋ ಮೀನು ಜಾರಿಹೋಗುತ್ತವೆ. ಆಗುಂಬೆಯನ್ನೇ ನೆನೆಯಿರಿ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಮಳೆ. ಅಲ್ಲಿಂದ ಹಕ್ಕಿ ಹಾರುವ ದಾರಿಯಲ್ಲಿ ಶಿವಮೊಗ್ಗ ಎಪ್ಪತ್ತು ಕಿಲೋಮೀಟರ್ ಆದೀತು. ಶಿವಮೊಗ್ಗ ಪೇಟೆಯಲ್ಲಿ ಮಳೆ ಒಂದು ಸಾವಿರದ ಆಸುಪಾಸು. ಎರಡು ಊರೂ ಮಾದರಿಯ ಒಂದೇ ಚೌಕದಲ್ಲಿ ಕೂತುಬಿಡಬಹುದು. ಎರಡಕ್ಕೂ ಒಂದೇ ಸರಾಸರಿ ಬರುತ್ತದೆ. ಆ ಸರಾಸರಿ ಆಗುಂಬೆಯದ್ದೂ ಅಲ್ಲ, ಶಿವಮೊಗ್ಗದ್ದೂ ಅಲ್ಲ. ಚೌಕ ಚಿಕ್ಕದು ಮಾಡಿದ ಪ್ರಾದೇಶಿಕ ಮಾದರಿಗಳಿವೆ. ಅವು ಘಟ್ಟದ ಏರಿಳಿತವನ್ನು ಹೆಚ್ಚು ಚೆನ್ನಾಗಿ ಹಿಡಿಯುತ್ತವೆ. ಆದರೆ ದೊಡ್ಡ ಮಾದರಿಯಲ್ಲಿ ಮುಂಗಾರು ತಪ್ಪಿದ್ದರೆ, ಅದರೊಳಗೆ ಕೂತ ಚಿಕ್ಕ ಮಾದರಿಯೂ ಆ ತಪ್ಪನ್ನೇ ಹೊತ್ತುಕೊಳ್ಳುತ್ತದೆ.

ಮುಂಗಾರಿನ ವಿಷಯವೇ ಸ್ವಲ್ಪ ತೊಡಕಿನದು. ಬಿಸಿ ಏರಿದಂತೆ ಮುಂಗಾರು ಮಳೆ ಹೆಚ್ಚುತ್ತದೆ ಎಂದು ಬಹುಪಾಲು ಮಾದರಿಗಳು ಹೇಳುತ್ತವೆ. ಆದರೆ 1951ರಿಂದ 2015ರವರೆಗೆ ದೇಶದ ಮುಂಗಾರು ಮಳೆ ನೂರಕ್ಕೆ ಆರರಷ್ಟು ಇಳಿದಿದೆ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿಯೇ ಹೇಳಿದೆ. ಹೊಗೆ, ದೂಳಿನ ಕಣಗಳು ಬಿಸಿಲನ್ನು ತಡೆದು ಮುಂಗಾರನ್ನು ಕುಗ್ಗಿಸಿದ್ದು ಇದಕ್ಕೆ ಒಂದು ಕಾರಣ. ಇದನ್ನು ಹಿಡಿದುಕೊಂಡು “ಮಾದರಿಗಳೇ ಸುಳ್ಳು” ಎನ್ನುವವರಿದ್ದಾರೆ. ಅದು ಅವಸರದ ತೀರ್ಮಾನ. ಬಿಸಿ ಏರುತ್ತದೆ, ಕಡಲಮಟ್ಟ ಏರುತ್ತದೆ, ಮಳೆ ಬಂದಾಗ ಜೋರು ಹೆಚ್ಚುತ್ತದೆ: ಇದರಲ್ಲಿ ಮಾದರಿಗಳು ಒಮ್ಮತದಲ್ಲಿವೆ. 2050ರಲ್ಲಿ ನಮ್ಮ ತಾಲ್ಲೂಕಿನಲ್ಲಿ ಎಷ್ಟು ಮಿಲಿಮೀಟರ್ ಎಂದರೆ ಅವುಗಳಿಂದ ಖಚಿತ ಉತ್ತರ ಸಿಗದು. ಯಾರಾದರೂ ಒಂದೇ ಸಂಖ್ಯೆಯನ್ನು ದಶಾಂಶ ಸಮೇತ ತಂದುಕೊಟ್ಟರೆ, ಅದು ಎಷ್ಟು ಮಾದರಿಗಳ ಲೆಕ್ಕ, ಅವುಗಳ ನಡುವಿನ ಅಂತರ ಎಷ್ಟು ಎಂದು ಕೇಳಿ.

ಸರಿ, ಲೆಕ್ಕ ಹಳೆಯದು. ಹೊಸ ಲೆಕ್ಕ ಕೊಡುವ ಮಾದರಿಗೆ ಮಿತಿ ಇದೆ. ಈ ಎರಡರ ನಡುವೆ ಸಿಕ್ಕ ಯೋಜನೆಕಾರ ಏನು ಮಾಡಬೇಕು? ಇದಕ್ಕೆ ನಾನು ಕಂಡಂತೆ ಅತ್ಯುತ್ತಮ ಉತ್ತರ ಕೊಟ್ಟವರು ಲಂಡನ್ನಿನವರು.

1953ರ ಜನವರಿ 31ರ ರಾತ್ರಿ ಬಿರುಗಾಳಿಗೆ ಉತ್ತರ ಸಮುದ್ರ ಉಕ್ಕಿತು. ಇಂಗ್ಲೆಂಡಿನಲ್ಲಿ ಮುನ್ನೂರಕ್ಕೂ ಹೆಚ್ಚು, ನೆದರ್ಲೆಂಡ್ಸಿನಲ್ಲಿ ಸಾವಿರದ ಎಂಟುನೂರಕ್ಕೂ ಹೆಚ್ಚು ಜನ ಸತ್ತರು. ಆ ಪೆಟ್ಟಿನಿಂದ ಹುಟ್ಟಿದ್ದು ಥೇಮ್ಸ್ ನದಿಯ ತಡೆಬಾಗಿಲು. ನದಿಗೆ ಅಡ್ಡಲಾಗಿ ಸಾಲು ಕಂಬಗಳು. ಕಂಬಗಳ ತಲೆಗೆ ಹೊಳೆಯುವ ಉಕ್ಕಿನ ಕವಚ. ಕಂಬದಿಂದ ಕಂಬಕ್ಕೆ ಒಂದೊಂದು ಉಕ್ಕಿನ ಬಾಗಿಲು, ಒಟ್ಟು ಹತ್ತು. ನಡುವಿನ ದೊಡ್ಡ ಬಾಗಿಲುಗಳು ಮಾಮೂಲಿ ದಿನಗಳಲ್ಲಿ ನದಿಯ ತಳದಲ್ಲಿ ಮಲಗಿರುತ್ತವೆ. ಹಡಗುಗಳು ಅವುಗಳ ಮೇಲೆಯೇ ಸಾಗುತ್ತವೆ. ಸಮುದ್ರ ಉಕ್ಕುವ ಸೂಚನೆ ಬಂದಾಗ ಬಾಗಿಲು ಹೊರಳಿ ಎದ್ದು ನಿಲ್ಲುತ್ತದೆ, ಐದು ಅಂತಸ್ತಿನ ಕಟ್ಟಡದಷ್ಟು ಎತ್ತರಕ್ಕೆ. ಇದು ಕೆಲಸಕ್ಕೆ ಬಂದದ್ದು 1982ರಲ್ಲಿ. ಅನಾಹುತದಿಂದ ಬಾಗಿಲಿನವರೆಗೆ ಸುಮಾರು ಮೂವತ್ತು ವರ್ಷ. ಈ ಮೂವತ್ತನ್ನು ನೆನಪಿಟ್ಟುಕೊಳ್ಳಿ.

2002ರಲ್ಲಿ ಅವರು ಮುಂದಿನ ನೂರು ವರ್ಷದ ಯೋಜನೆಗೆ ಕೂತರು. 2100ರ ಹೊತ್ತಿಗೆ ಸಮುದ್ರ ಎಷ್ಟು ಏರುತ್ತದೆ? ಸುಮಾರು 90 ಸೆಂಟಿಮೀಟರ್ ಎಂದು ಇಟ್ಟುಕೊಳ್ಳಿ ಎಂದರು ತಜ್ಞರು. ಎಲ್ಲವೂ ಕೆಟ್ಟರೆ, ಬಿರುಗಾಳಿಯ ಉಕ್ಕೂ ಸೇರಿ, ಎರಡೂಮುಕ್ಕಾಲು ಮೀಟರ್ ಹತ್ತಿರ ಹೋಗಬಹುದು ಎಂದರು. 90 ಸೆಂಟಿಮೀಟರಿಗೆ ಕಟ್ಟಿದರೆ ನಾಳೆ ಮುಳುಗಬಹುದು. ಎರಡೂಮುಕ್ಕಾಲು ಮೀಟರಿಗೆ ಕಟ್ಟಿದರೆ ಹಣವೆಲ್ಲ ವ್ಯರ್ಥವಾಗಬಹುದು.

ಅವರು ಪ್ರಶ್ನೆಯನ್ನೇ ತಿರುಗಿಸಿದರು. ಸಮುದ್ರ ಎಷ್ಟು ಏರುತ್ತದೆ ಎಂಬುದನ್ನು ಪಕ್ಕಕ್ಕಿಟ್ಟರು. ನಮ್ಮ ರಕ್ಷಣೆ ಎಷ್ಟು ಏರಿಕೆಯವರೆಗೆ ತಡೆದೀತು ಎಂದು ಕೇಳಿಕೊಂಡರು. ಈಗಿರುವ ಬಾಗಿಲನ್ನೇ ಸುಧಾರಿಸಿದರೆ ಎಷ್ಟರವರೆಗೆ? ದಡದ ಗೋಡೆ ಎತ್ತರಿಸಿದರೆ? ನೆರೆ ನೀರು ನಿಲ್ಲಲು ತಗ್ಗು ಜಾಗ ಬಿಟ್ಟರೆ? ನದಿಯ ಕೆಳಹರಿವಿನಲ್ಲಿ ಹೊಸ ಬಾಗಿಲನ್ನೇ ಕಟ್ಟಿದರೆ? ಒಂದೊಂದು ಉಪಾಯಕ್ಕೂ ಒಂದೊಂದು ಮಿತಿ ಸಿಕ್ಕಿತು. ಮಿತಿ ಸಿಕ್ಕ ಮೇಲೆ ಮಾದರಿಗಳ ಹತ್ತಿರ ಹೋದರು. ಸಮುದ್ರ ಈ ಮಿತಿಯನ್ನು ಬೇಗ ಎಂದರೆ ಯಾವಾಗ ಮುಟ್ಟೀತು, ತಡ ಎಂದರೆ ಯಾವಾಗ ಎಂದು ಕೇಳಿದರು. ಅಲ್ಲಿಂದ ಕಟ್ಟುವ ಕೆಲಸಕ್ಕೆ ಬೇಕಾದ ವರ್ಷಗಳನ್ನು ಕಳೆದರು. ಮೂವತ್ತು ವರ್ಷ ಎಂದೆನಲ್ಲ, ಅದು ಇಲ್ಲಿ ಬರುತ್ತದೆ. ಆಗ ಕೈಗೆ ಬಂದದ್ದು ನಿರ್ಧಾರ ಮಾಡಬೇಕಾದ ಗಡುವುಗಳ ಒಂದು ಪಟ್ಟಿ. ಸಮುದ್ರ ಬೇಗ ಏರಿದರೆ ಗಡುವು ಹಿಂದಕ್ಕೆ ಬರುತ್ತದೆ, ನಿಧಾನವಾದರೆ ಮುಂದಕ್ಕೆ ಹೋಗುತ್ತದೆ. ಕಡಲಮಟ್ಟ, ನದಿಯ ಹರಿವು, ಗೋಡೆಗಳ ಸ್ಥಿತಿ, ಹೊಸ ಬಡಾವಣೆಗಳು ಹೀಗೆ ಹತ್ತು ಸಂಗತಿಗಳನ್ನು ನಿತ್ಯ ಗಮನಿಸುವುದು, ಹತ್ತು ವರ್ಷಕ್ಕೊಮ್ಮೆ ಇಡೀ ಯೋಜನೆಯನ್ನು ಮರಳಿ ತೂಗಿ ನೋಡುವುದು ಎಂದು ಬರೆದುಕೊಂಡರು.

ಯೋಜನೆ 2012ರಲ್ಲಿ ಜಾರಿಗೆ ಬಂತು. 2023ರಲ್ಲಿ ಮರುಪರಿಶೀಲನೆಯ ಫಲ ಪ್ರಕಟವಾಯಿತು. ಬಾಗಿಲಿನ ಮೇಲ್ಭಾಗದ ದಡದ ಗೋಡೆಗಳನ್ನು 2065ರ ಹೊತ್ತಿಗೆ ಎತ್ತರಿಸಿದರೆ ಸಾಕು ಎಂದಿದ್ದವರು 2050ರೊಳಗೇ ಆಗಬೇಕು ಎಂದರು. ಹದಿನೈದು ವರ್ಷ ಮೊದಲು. ಇದನ್ನು ಯಾರೂ ಸೋಲು ಎಂದು ಕರೆಯಲಿಲ್ಲ. ಬದಲಾಗಲಿ ಎಂದೇ ಬರೆದ ಯೋಜನೆ ಅದು, ಬದಲಾಯಿತು.

ನಮ್ಮಲ್ಲಿ ಅಷ್ಟು ಹಣ ಎಲ್ಲಿದೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಪ್ರಶ್ನೆಯನ್ನು ತಿರುಗಿಸಿ ಕೇಳುವುದಕ್ಕೆ ಹಣ ಬೇಡ. ಅದಕ್ಕೆ ಸಾಕ್ಷಿ ನಮ್ಮ ದೇಶದಲ್ಲೇ, ಅಹಮದಾಬಾದಿನಲ್ಲಿ ಇದೆ. ಅಲ್ಲಿಗೆ ಹೋಗುವ ಮುನ್ನ ಅಪಾಯ ಎಂಬುದನ್ನು ಹೇಗೆ ಅಳೆಯುತ್ತಾರೆ ಎಂದು ಎರಡು ಮಾತು.

ಮಳೆ ಎಷ್ಟು, ಬಿಸಿ ಎಷ್ಟು ಎಂಬುದು ಅಪಾಯದ ಒಂದು ಪಾಲು. ಅದರ ಎದುರಿಗೆ ಯಾರು ಇದ್ದಾರೆ, ಏನು ಇದೆ ಎಂಬುದು ಇನ್ನೊಂದು. ಅವರು ತಾಳಿಕೊಳ್ಳಬಲ್ಲರೇ ಎಂಬುದು ಮತ್ತೊಂದು. 2018ರ ಆಗಸ್ಟಿನಲ್ಲಿ, ಆಶ್ಲೇಷ ಮಳೆಯ ಕೊನೆಗೆ, ಕೊಡಗಿನಲ್ಲಿ ಗುಡ್ಡಗಳು ಜಾರಿದವು. ಮಳೆ ವಿಪರೀತವೇ ಇತ್ತು. ಆದರೆ ರಸ್ತೆಗೆ, ಮನೆಗೆ ಎಂದು ಇಳಿಜಾರು ಕಡಿದದ್ದೂ ಕಾರಣ ಎಂದು ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಹೇಳಿದರು. ಬೆಂಗಳೂರಿನಲ್ಲಿ 2022ರ ಸೆಪ್ಟೆಂಬರಿನ ಒಂದು ರಾತ್ರಿ ಸುಮಾರು 130 ಮಿಲಿಮೀಟರ್ ಸುರಿಯಿತು. ರಾಜಕಾಲುವೆ ಕಟ್ಟಿಕೊಂಡ ಕಡೆ ದೋಣಿ, ಟ್ರ್ಯಾಕ್ಟರುಗಳಲ್ಲಿ ಜನರನ್ನು ಸಾಗಿಸಬೇಕಾಯಿತು. ಇಂಥ ಜಾಗಗಳನ್ನು ಗುರುತಿಸಲು ಮಾದರಿ ಬೇಕಿಲ್ಲ. ಸರ್ವೆ ನಕ್ಷೆ ಸಾಕು.

ಈಗ ಅಹಮದಾಬಾದ್. 2010ರ ಮೇ ತಿಂಗಳು. ಬಿಸಿ 47 ಡಿಗ್ರಿ ಹತ್ತಿರ ಹೋಯಿತು. ಆ ಒಂದು ತಿಂಗಳಲ್ಲಿ ವಾಡಿಕೆಗಿಂತ ಸುಮಾರು 1,300 ಸಾವು ಹೆಚ್ಚು. ನಗರಪಾಲಿಕೆ ಮತ್ತು ಸಾರ್ವಜನಿಕ ಆರೋಗ್ಯದ ತಜ್ಞರು ಸೇರಿ ಯಾವ ತಾಪಕ್ಕೆ ಸಾವು ಏರತೊಡಗುತ್ತದೆ ಎಂದು ನೋಡಿದರು. ಸಾಯುವವರು ಯಾರು, ಎಲ್ಲಿರುವವರು ಎಂದು ನೋಡಿದರು. ಲಂಡನ್ನಿನವರು ಗೋಡೆಯ ಮಿತಿ ಹುಡುಕಿದಂತೆ ಇವರು ಮನುಷ್ಯನ ಮೈಯ ಮಿತಿ ಹುಡುಕಿದರು. 2013ರಲ್ಲಿ ಬಿಸಿಗಾಳಿ ಕ್ರಿಯಾಯೋಜನೆ ಬಂತು. ದಕ್ಷಿಣ ಏಷ್ಯಾದಲ್ಲೇ ಮೊದಲನೆಯದು. ತಾಪ ಇಷ್ಟು ದಾಟುತ್ತದೆ ಎಂಬ ಮುನ್ಸೂಚನೆ ಬಂದ ಕೂಡಲೇ ಎಚ್ಚರಿಕೆ ಹೊರಡುತ್ತದೆ. ನೀರಿನ ವ್ಯವಸ್ಥೆಯಾಗುತ್ತದೆ. ಆಸ್ಪತ್ರೆಗಳು ಸಜ್ಜಾಗುತ್ತವೆ. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಹಸುಗೂಸುಗಳ ವಾರ್ಡು ಮೇಲಿನ ಮಹಡಿಯಲ್ಲಿ, ಕಾದ ತಾರಸಿಯ ಕೆಳಗೇ ಇತ್ತು. ಅದನ್ನು ಕೆಳಗಿನ ಮಹಡಿಗೆ ಇಳಿಸಿದರು. ಬಿಸಿಯಿಂದ ಬಳಲುವ ಕೂಸುಗಳ ಸಂಖ್ಯೆ ಇಳಿಯಿತು. ಮಂಚ, ತೊಟ್ಟಿಲು ಇಳಿಸಲು ಎಷ್ಟು ಖರ್ಚು? ಯೋಜನೆ ಬಂದ ಮೇಲೆ, 2014 ಮತ್ತು 2015ರಲ್ಲಿ, ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಸಾವು ತಪ್ಪಿತು ಎಂದು ಒಂದು ಅಧ್ಯಯನ ಅಂದಾಜು ಮಾಡಿದೆ.

ಹೀಗೆ ಥೇಮ್ಸ್ ತೀರದವರೂ ಅಹಮದಾಬಾದಿನವರೂ ಮಿತಿಯಿಂದಲೇ ಹೊರಟರು. ಕಾಪಾಡಬೇಕಾದದ್ದು ಯಾವುದು, ಅದು ಎಲ್ಲಿ ಮುರಿಯುತ್ತದೆ ಎಂಬುದು ಮೊದಲು. ಮಾದರಿ, ಮುನ್ಸೂಚನೆ ಆಮೇಲೆ. ಈಗ ನಮ್ಮ ಊರಿಗೆ ಬರೋಣ.

ನಮ್ಮ ರಾಜ್ಯದಲ್ಲಿ ಬರ ಮತ್ತು ನೆರೆ ಒಂದರ ಬೆನ್ನಿಗೆ ಒಂದು ಬರುತ್ತವೆ. ಬೆಳಗಾವಿ, ಬಾಗಲಕೋಟೆಗಳಲ್ಲಿ ಬರಪೀಡಿತ ಎಂದು ಘೋಷಣೆಯಾಗಿದ್ದ ತಾಲ್ಲೂಕುಗಳೇ 2019ರ ಆಗಸ್ಟಿನಲ್ಲಿ ನೆರೆಪೀಡಿತವಾದವು. ಮುಂಗಾರು ಹೆಚ್ಚುತ್ತದೋ ಕಡಿಮೆಯಾಗುತ್ತದೋ ಎಂಬ ಚರ್ಚೆ ಮುಗಿಯುವವರೆಗೆ ನಾವು ಕಾಯಬೇಕಿಲ್ಲ. ಮಳೆ ಹೆಚ್ಚಲಿ, ಕಡಿಮೆಯಾಗಲಿ, ಎರಡಕ್ಕೂ ಸಲ್ಲುವ ಕೆಲಸಗಳಿವೆ. ರಾಜ್ಯದಲ್ಲಿ ಮೂವತ್ತಾರು ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಹೂಳು ತೆಗೆದ ಕೆರೆ ಬರಗಾಲದಲ್ಲಿ ನೀರು ಕೊಡುತ್ತದೆ, ಭಾರಿ ಮಳೆಯಲ್ಲಿ ನೀರನ್ನು ತಡೆದು ನಿಲ್ಲಿಸುತ್ತದೆ. ಆದರೆ ಹೂಳೆತ್ತುವಾಗ ಕೋಡಿಯನ್ನು ಮರೆಯುವವರೇ ಹೆಚ್ಚು. ಕೋಡಿಯ ಅಗಲ ಹಳೆಯ ಮಳೆಯ ಲೆಕ್ಕದ್ದು. ಕೋಡಿಯಲ್ಲಿ ಹಿಡಿಸದ ನೀರು ಏರಿಯನ್ನು ಹತ್ತುತ್ತದೆ, ಏರಿ ಒಡೆಯುತ್ತದೆ. ಕೆಳಗಿನ ಕೆರೆಗೂ ಅದೇ ಗತಿ.

ಮೋರಿಯ ವಿಷಯ ಇನ್ನೂ ಸುಲಭ. ಊರಿನ ರಸ್ತೆಯ ಹಳ್ಳಕ್ಕೆ 900 ಮಿಲಿಮೀಟರ್ ಅಡ್ಡಳತೆಯ ಹ್ಯೂಮ್ ಪೈಪು ಹಾಕುತ್ತೀರಿ ಎನ್ನಿ. ಅದರ ಬದಲು 1,200ರದ್ದು ಹಾಕಿದರೆ ನೀರು ಹಾಯುವ ಬಾಯಿ ಮುಕ್ಕಾಲು ಪಾಲು ಹಿಗ್ಗುತ್ತದೆ. ವಿಶ್ವಸಂಸ್ಥೆಯ ಅದೇ ವರದಿಯ ಪ್ರಕಾರ, ಎರಡು ಡಿಗ್ರಿ ಬಿಸಿಗೆ ಹತ್ತು ವರ್ಷಕ್ಕೊಮ್ಮೆಯ ಭಾರಿ ಮಳೆಯ ಪ್ರಮಾಣ ಜಗತ್ತಿನ ಸರಾಸರಿಯಲ್ಲಿ ನೂರಕ್ಕೆ ಹದಿನಾಲ್ಕರಷ್ಟು ಹೆಚ್ಚುತ್ತದೆ. ನಮ್ಮ ಊರಿನಲ್ಲಿ ಅದರ ಎರಡು ಪಟ್ಟೇ ಹೆಚ್ಚಿದರೂ ಆ ದೊಡ್ಡ ಪೈಪಿಗೆ ತಾಳುವ ಶಕ್ತಿ ಇರುತ್ತದೆ. ರಸ್ತೆ ಅಗೆದಿರುವಾಗಲೇ ದೊಡ್ಡದು ಹಾಕಿದರೆ ಪೈಪಿನ ಬೆಲೆಯ ವ್ಯತ್ಯಾಸವಷ್ಟೇ. ಕೊಚ್ಚಿಹೋದ ಮೇಲೆ ಹಾಕಿದರೆ ರಸ್ತೆಯನ್ನೂ ಮತ್ತೆ ಕಟ್ಟಬೇಕು.

ಇನ್ನೊಂದು ಸೌಲಭ್ಯ ನಮಗಿದೆ. 1988ರಲ್ಲಿ, ದೇಶದಲ್ಲೇ ಮೊದಲು, ಕರ್ನಾಟಕ ಬರ ಉಸ್ತುವಾರಿ ಕೋಶವನ್ನು ತೆರೆಯಿತು. ಅದೇ ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅದರ ಸ್ವಯಂಚಾಲಿತ ಮಳೆಮಾಪಕಗಳಿವೆ, ಆರು ಸಾವಿರಕ್ಕೂ ಹೆಚ್ಚು. ಹದಿನೈದು ನಿಮಿಷಕ್ಕೊಮ್ಮೆ ಮಳೆಯ ಅಳತೆ ಕಳಿಸುತ್ತವೆ. ನೂರು ಕಿಲೋಮೀಟರಿನ ಚೌಕ ಕಾಣದ ಮಳೆಯನ್ನು ಇವು ಕಾಣುತ್ತವೆ. ಯಾವ ಹಳ್ಳ ಎಷ್ಟು ಮಳೆಗೆ ಉಕ್ಕಿತು ಎಂದು ಊರಿನವರಿಗೆ ಗೊತ್ತು. ಈ ಎರಡನ್ನೂ ಜೊತೆಗಿಟ್ಟು ಬರೆದರೆ ಊರಿನ ಮಿತಿ ಎಲ್ಲಿದೆ ಎಂದು ತಿಳಿಯುತ್ತದೆ. ಮಾದರಿಯ ಲೆಕ್ಕಕ್ಕೆ ಆಗ ಕಾಲೂರಲು ನೆಲ ಸಿಗುತ್ತದೆ. ಈ ಕೆಲಸವನ್ನು ಯಾವ ಕಂಪ್ಯೂಟರೂ ನಮಗಾಗಿ ಮಾಡಿಕೊಡುವುದಿಲ್ಲ.

“ನಮ್ಮ ಗ್ರಾಮ ನಮ್ಮ ಯೋಜನೆ” ತಯಾರಿಸಲು ನಿಮ್ಮ ಪಂಚಾಯಿತಿ ಗ್ರಾಮಸಭೆ ಕರೆದಾಗ ದಯವಿಟ್ಟು ಹೋಗಿ. ಸೇತುವೆ, ಮೋರಿ, ಕೆರೆ ಯಾವುದೇ ಕಾಮಗಾರಿ ಬಂದರೂ ಎಂಜಿನಿಯರರನ್ನು ಕೇಳಿ: ಇದು ಯಾವ ವರ್ಷಗಳ ಮಳೆಯ ಲೆಕ್ಕ? ಅದಕ್ಕಿಂತ ಒಂದೂವರೆ ಪಟ್ಟು ಬಂದರೆ ನೀರು ಎಲ್ಲಿಗೆ ಹೋಗುತ್ತದೆ, ಅಲ್ಲಿ ಯಾರ ಮನೆ ಇದೆ? ಈ ಲೆಕ್ಕವನ್ನು ಮತ್ತೆ ಯಾವಾಗ ನೋಡುತ್ತೀರಿ? ಅವರ ಉತ್ತರವನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ.